ಕತ್ತಲಲ್ಲಿ ಬಂದ ದನಿ

ಲಿಫ್ಟು ಗಕ್ಕನೆ ಕುಲುಕಿ ನಿಂತಿತು. ದೀಪವೂ ಆರಿತು. ರೇವತಿ ಕತ್ತಲಲ್ಲಿ ತಡಕಾಡಿ ತುರ್ತು ಗುಂಡಿಯನ್ನು ಒತ್ತಿಹಿಡಿದಳು.

ಅವಳು ಬಂದದ್ದೇ ಆ ಗುಂಡಿಯ ಪರೀಕ್ಷೆಗೆ. ಅವಳು ಕೆಲಸ ಮಾಡುತ್ತಿದ್ದುದು ಲಿಫ್ಟು ತಯಾರಿಸುವ ಕಂಪನಿಯಲ್ಲಿ. ಒಳಗೆ ಸಿಕ್ಕಿಬಿದ್ದವರೊಡನೆ ತಕ್ಷಣ ಮಾತಾಡುವ ಸೇವೆಯೊಂದನ್ನು ಜತೆಗೂಡಿ ರೂಪಿಸಲು ಪಾಲುದಾರರನ್ನು ಆರಿಸುವ ಹೊಣೆ ಅವಳ ತಲೆಯ ಮೇಲಿತ್ತು. ಹಿಂದೆ ಅವಳು ಆರಿಸಿದ್ದವರು ಕೈಕೊಟ್ಟಿದ್ದರು. ಜೀವನ್ ಬಿಮಾ ನಗರದಲ್ಲಿ ಅಜ್ಜಿಯೊಬ್ಬರು ಗುಂಡಿ ಒತ್ತಿ ಒತ್ತಿ, ಯಾರೂ ಉತ್ತರಿಸದೆ, ಲಿಫ್ಟಿನಲ್ಲೇ ಪ್ರಜ್ಞೆ ತಪ್ಪಿದ್ದರು. ಇನ್ನೊಮ್ಮೆ ಎಡವಿದರೆ ಕೆಲಸ ಉಳಿಯದು. ಇಂದು ಇಂದಿರಾನಗರದ ಈ ಕಟ್ಟಡದಲ್ಲಿರುವ ಶರಣಬಸವನ ಕಂಪನಿಯ ಸರದಿ. ಗುಂಡಿಯೂ ಅವರದೇ.

ಫೋನಿಗೆ ಸಿಗ್ನಲ್ ಇಲ್ಲ. ಗೋಡೆಗಳು ಹತ್ತಿರ ಸರಿದಂತಾಯಿತು. ಉಸಿರು ಕಟ್ಟತೊಡಗಿತು. ಬಾಗಿಲನ್ನು ದಬದಬ ಬಡಿದಳು.

"ಯಾರದು? ಕೇಳಿಸ್ತಿದೆಯಾ?" ಹೆಣ್ಣುದನಿ, ಮಂದವಾಗಿ.

"ಕೇಳಿಸ್ತಿದೆ! ನಾನು ರೇವತಿ. ಲಿಫ್ಟಲ್ಲಿ ಸಿಕ್ಕಾಕೊಂಡಿದೀನಿ!"

"ಗೊತ್ತಾಯ್ತು ಅಕ್ಕಾ. ನಾನು ಸಾಮಿಯಾ. ಬಡೀಬೇಡಿ, ಸುಸ್ತಾಗುತ್ತೆ. ಕೂತ್ಕೊಳ್ಳಿ. ನಿಧಾನಕ್ಕೆ ಉಸಿರು ಬಿಡಿ, ನನ್ ಜೊತೆ."

ಇಬ್ಬರೂ ಉಸಿರು ಎಳೆದು ಬಿಟ್ಟರು. ಸಾಮಿಯಾ ಪುಲಿಕೇಶಿನಗರದ ತನ್ನ ಮನೆಯ ಬಗ್ಗೆ, ನಿದ್ದೆಯಲ್ಲಿ ಜಗಳವಾಡುವ ತಂಗಿಯ ಬಗ್ಗೆ ಹೇಳಿದಳು. ರೇವತಿ ನಕ್ಕಳು. ನಕ್ಕದ್ದು ಅವಳಿಗೇ ಅಚ್ಚರಿ.

"ನನ್ನ ಬಿಟ್ಟು ಹೋಗ್ಬೇಡಿ, ಸಾಮಿಯಾ."

"ನಾನೆಲ್ಲಿ ಹೋಗ್ಲಿ ಅಕ್ಕಾ?" ದನಿ ಸಣ್ಣಗೆ ನಡುಗಿತು.

ರೇವತಿಯ ತೀರ್ಮಾನ ಆಗಲೇ ಆಗಿಹೋಗಿತ್ತು.

ಕಡೆಗೆ ಬಾಗಿಲು ಸರಿಯಿತು. ಶರಣಬಸವ ಬೆವರು ಒರೆಸಿಕೊಳ್ಳುತ್ತ ನಿಂತಿದ್ದ. "ಸಾರಿ ಮೇಡಂ, ಕರೆಂಟು..."

"ಅದು ಬಿಡಿ. ನಿಮ್ಮ ಸಾಮಿಯಾ ಇಲ್ದಿದ್ರೆ ನನಗೆ ಹುಚ್ಚೇ ಹಿಡೀತಿತ್ತು. ನಾಳೆನೇ ಒಪ್ಪಂದಕ್ಕೆ ಸೈನ್ ಮಾಡೋಣ."

ಶರಣಬಸವ ಕಣ್ಣು ಪಿಳುಕಿಸಿದ. ಆಮೇಲೆ ಅವನ ಮುಖ ಅರಳಿತು. "ನಮ್ಮ ಟ್ರೈನಿಂಗೇ ಹಾಗೆ ಮೇಡಂ. ಆ ಹುಡುಗಿ ಕಂಟ್ರೋಲ್ ರೂಮಲ್ಲಿದ್ದಾಳೆ, ಆಮೇಲೆ ಪರಿಚಯ ಮಾಡಿಸ್ತೀನಿ."

ಅಷ್ಟರಲ್ಲಿ ಕೆಲಸಗಾರರು ಪಕ್ಕದ ಲಿಫ್ಟಿನ ಬಾಗಿಲನ್ನು ಮೀಟಿ ತೆರೆದರು. ಬೆವರಿನಲ್ಲಿ ತೊಯ್ದಿದ್ದ ಯುವತಿಯೊಬ್ಬಳು ತೂರಾಡುತ್ತ ಹೊರಬಂದು ರೇವತಿಯನ್ನು ಕೇಳಿದಳು: "ಗೋಡೆಯಾಚೆ ಇದ್ದಿದ್ದು ನೀವೇನಾ ಅಕ್ಕಾ?"