ಎಡೆಗಿಟ್ಟ ಸೀರೆ

ಹಿರಿಯರ ಹಬ್ಬದ ಮರುದಿನ ಗಾಜಿನ ಬಾಗಿಲು ತಳ್ಳಿಕೊಂಡು ಬಂದ ನಂಜಪ್ಪನವರ ಕೈಯಲ್ಲಿ ಮಹಾದೇವಿಗೆ ತಮ್ಮ ಅಂಗಡಿಯದೇ ಚೀಲ ಕಂಡಿತು. ಹೋದ ವಾರ ಅವಳೇ ಆರಿಸಿ ಅವರಿಗೆ ಮಾರಿದ ಸೀರೆ. ಚಂದಾಪುರದ ಆ ಮೂರು ಮಹಡಿಯ ಜವಳಿ ಅಂಗಡಿಯಲ್ಲಿ ಸೀರೆ ವಾಪಸು ಬಂದರೆ ಮಾರಿದವಳದೇ ತಪ್ಪು. ಅವಳ ಪಾಲಿಗೆ ಈ ತಿಂಗಳು ಆಗಲೇ ಎರಡು ಬಂದಿದ್ದವು. ಇನ್ನೊಂದು ಬಂದರೆ ಊರಿಗೆ ಹೊರಡು ಎಂದು ಸೂಪರ್‌ವೈಸರ್ ಬಾಲಾಜಿ ಬೆಳಿಗ್ಗೆ ಎಲ್ಲರೆದುರೇ ಹೇಳಿದ್ದ.

"ವಾಪಸ್ ಮಾತ್ರ ಮಾಡ್ಬೇಡಿ ಸಾರ್," ಎಂದಳು, ಅವರು ಕೂರುವ ಮೊದಲೇ. "ಬಾರ್ಡರ್ ಬಿಟ್ಕೊಂಡಿದ್ಯಾ? ಇಲ್ಲೇ ಹೊಲ್ಕೊಡ್ತೀನಿ."

"ಸೀರೆಗೇನಾಗೈತೆ, ಚಿನ್ನದಂಗೈತೆ. ನೀನು ಮೊದ್ಲು ಕೂತ್ಕೋ ತಾಯಿ."

"ನಾವು ಕೂರಂಗಿಲ್ಲ ಸಾರ್."

"ಕೂರಂಗಿಲ್ವಾ! ನಮ್ಮೂರಿಗೆ ಒಬ್ಬ ಸೀರೆ ಗಂಟು ಒತ್ಕೊಂಡು ಬರೋನು. ಬಂದೋನೇ ಜಗಲಿ ಮೇಲೆ ಚಕ್ಳಂಬಕ್ಳ ಆಕ್ಕೊಂಡು ಕೂರೋನು. ನಮ್ಮೋಳು ಮಜ್ಜಿಗೆ ಕೊಟ್ಟೇ ಗಂಟು ಬಿಚ್ಚಿಸೋಳು. ಬೀದಿ ಎಂಗಸ್ರೆಲ್ಲಾ ಸೇರಿ ಗಂಟೆಲ್ಲಾ ಅರಡಿ, ಕೊನೇಗೆ ತಗೊಳ್ಳೋದು ಒಂದು ರವಿಕೆ ಕಣ. ಅವ್ನಿಗೇನು, ಉಂಡೇ ಓಗೋನು!"

ಮಹಾದೇವಿಗೆ ನಗು ಬಂತು. ಊದಿದ ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಿಸಿ ನಿಂತಳು.

ನಂಜಪ್ಪ ಚೀಲದಿಂದ ಕನಕಾಂಬರ ಬಣ್ಣದ ಸೀರೆ ತೆಗೆದು ಕೌಂಟರಿನ ಮೇಲಿಟ್ಟರು. ಅಂಚಿನಲ್ಲಿ ಅರಿಸಿನ ಹತ್ತಿತ್ತು. "ನಮ್ಮೋಳು ಅನುಸೂಯಮ್ಮನ ಎಡೆಗಿಟ್ಟಿದ್ದೆ. ಮಾಘದಾಗೆ ತೀರ್ಕೊಂಡ್ಳು. ಎಡೆಗಿಟ್ಟಿದ್ದನ್ನ ಮನೆ ಎಣ್ಮಕ್ಳು ಉಡಬೇಕು, ಆಗ್ಲೇ ಅವಳಿಗೆ ಸೇರೋದು. ನಮ್ಗೆ ಮಗಳಿಲ್ಲ, ಸೊಸೆ ಇಲ್ಲ. ಆರಿಸಿ ಕೊಟ್ಟೋಳು ನೀನು. ನೀನೇ ಉಟ್ಕೋ."

"ಗಿರಾಕಿಗಳ ಹತ್ರ ಏನೂ ಇಸ್ಕೊಳ್ಳಂಗಿಲ್ಲ ತಾತ." ಅವಳ ಬಾಯಿಂದ 'ಸಾರ್' ಜಾರಿಹೋಗಿತ್ತು. "ಸಂಜೆ ಗೇಟಲ್ಲಿ ಬ್ಯಾಗ್ ಬಿಚ್ಚಿಸ್ತಾರೆ. ಅಂಗಡಿ ವ್ಯಾನಲ್ಲೇ ಹಾಸ್ಟೆಲಿಗೆ ಬಿಡ್ತಾರೆ, ಅಲ್ಲೂ ನೋಡ್ತಾರೆ. ಇದು ಸಿಕ್ರೆ ಕಳ್ಳಿ ಅಂತಾರೆ."

ಸೀರೆಯ ಮೇಲಿದ್ದ ನಂಜಪ್ಪನವರ ಕೈ ಅಲ್ಲೇ ಉಳಿಯಿತು.

"ಏನ್ರೀ ಅದು, ರಿಟರ್ನಾ?" ಆ ತುದಿಯಿಂದ ಬಾಲಾಜಿ ಕೂಗಿದ.

"ಇಲ್ಲ ಸಾರ್! ಮೈಮೇಲೆ ಹಾಕಿ ತೋರಿಸ್ತಿದ್ದೀನಿ!"

ಹೇಳಿದವಳೇ ಸೀರೆಯ ಮಡಿಕೆ ಬಿಚ್ಚಿದಳು. ಅಂಗಡಿಯವರು ಕೊಟ್ಟ ಸಮವಸ್ತ್ರದ ಸೀರೆಯ ಮೇಲೆಯೇ ಅದನ್ನು ಸುತ್ತಿ ನೆರಿಗೆ ಹಿಡಿದಳು. ಬೇರೆ ಗಿರಾಕಿಗಳಿಗೆ ಅರ್ಧ ಸುತ್ತಿ ತೋರಿಸಿ ತೆಗೆದುಬಿಡುತ್ತಿದ್ದಳು. ಇವತ್ತು ಪಾದ ಮುಚ್ಚುವಂತೆ ಪೂರ್ತಿ ಉಟ್ಟು, ಸೆರಗನ್ನು ತಂದು ಸೊಂಟಕ್ಕೆ ಸಿಕ್ಕಿಸಿಕೊಂಡಳು, ಅಡುಗೆಮನೆಗೆ ಹೊರಟವಳ ಹಾಗೆ. ಆಮೇಲೆ ನೆರಿಗೆ ಸರಿಮಾಡುವವಳಂತೆ ಬಗ್ಗಿ ನಂಜಪ್ಪನವರ ಕಾಲು ಮುಟ್ಟಿದಳು.

ಅವರ ಕೈ ಅವಳ ತಲೆಯ ಮೇಲೆ ಬಂತು.

"ಸೂಪರಾಗಿದೆ ಸಾರ್," ಎನ್ನುತ್ತ ಬಾಲಾಜಿ ಹತ್ತಿರ ಬಂದ. "ಪ್ಯಾಕ್ ಮಾಡಿಸ್ಲಾ?"

"ಆಯ್ತಪ್ಪ, ನಂದಾಯ್ತು," ಎಂದರು ನಂಜಪ್ಪ.

ಮಹಾದೇವಿ ಸೀರೆ ಕಳಚಿ, ಅಭ್ಯಾಸದಂತೆ ಮಡಿಸಲು ತೊಡಗಿದಳು. "ಮಡಿಸ್ಬೇಡ ತಾಯಿ," ಎಂದು ಅವರು ಅದನ್ನು ಮುದ್ದೆಯಾಗಿಯೇ ತೆಗೆದುಕೊಂಡು, ತೋಳಿನ ಮೇಲೆ ಹಾಕಿಕೊಂಡು ಹೊರಟರು.

ಬಾಗಿಲಲ್ಲಿ ಕಾವಲಿನವನು ಅಡ್ಡ ಬಂದ. "ಬಿಲ್ ತೋರ್ಸಿ ಯಜಮಾನ್ರೇ, ಹೊಸ ಸೀರೆ ಅದು."

"ಎಲ್ಲಿ ಹೊಸದಪ್ಪ," ಎಂದರು ನಂಜಪ್ಪ, ಬಿಲ್ಲಿಗಾಗಿ ಜೇಬಿಗೆ ಕೈಹಾಕುತ್ತ. "ನನ್ನ ಮಗಳು ಉಟ್ಟು ಬಿಚ್ಚಿದ್ದು."