ನಲ್ಲಿಯ ಮುಂದೆ ಪಾಟೀಸವಾಲು

"ನೀರು ಬರ್ತಿಲ್ಲ ಅಂತೀರಿ. ಯಾವಾಗಿಂದ?" ವಕೀಲ ಕೇಳಿದ.

ಅವನ ತಾಯಿ ಹಿಂದಿನಿಂದ ಅಂಗಿ ಜಗ್ಗಿದರು. ಮತ ಕೇಳಲು ಹೋದಲ್ಲಿ ಬೇರೇನನ್ನೂ ಕೇಳಬಾರದೆಂದು ಕಾರಿನಲ್ಲೇ ಹೇಳಿದ್ದರು. ಅವರ ಮಾವ, ಆಮೇಲೆ ಗಂಡ, ಇಬ್ಬರೂ ಸಾಯುವ ತನಕ ಶಾಸಕರಾಗಿದ್ದುದು ಒಂದೇ ಮಾತಿನ ಮೇಲೆ: "ಆಗ್ಲಿ ತಾಯಿ, ನೋಡೋಣ." ಗಂಡನಿಂದ ತೆರವಾದ ಸ್ಥಾನಕ್ಕೆ ಈಗ ಮಗ ನಿಂತಿದ್ದ. ಸೋತರೆ ಅಜ್ಜನ ಕಾಲದಿಂದ ಮನೆಯಲ್ಲಿದ್ದ ಕುರ್ಚಿ ಪರರ ಪಾಲು.

ಮಗನಿಗೆ ಆ ಮಾತು ನಾಲಿಗೆಗೆ ಹತ್ತಿರಲಿಲ್ಲ. ಇಷ್ಟು ವರ್ಷ ಕಟಕಟೆಯಲ್ಲಿ ನಿಂತವರ ಬೆವರಿಳಿಸಿಯೇ ಹೆಸರು ಮಾಡಿದವನು. ಬೀದಿ ನಲ್ಲಿಯ ಪಕ್ಕ ಖಾಲಿ ಬಿಂದಿಗೆ ಹಿಡಿದು ನಿಂತ ಹೆಂಗಸನ್ನು ಕಂಡದ್ದೇ ಅವನ ಕೈ ಹೆಗಲಿಗೆ ಹೋಗಿ, ಅಲ್ಲಿಲ್ಲದ ಕರಿಗೌನನ್ನು ಸರಿಮಾಡಿತು.

"ನಲ್ಲಿ ಹಾಕಿದ ದಿನ ಬಂತು. ಮಾರನೇ ದಿನದಿಂದ ಇಲ್ಲ," ಎಂದಳು ಹೆಂಗಸು.

"ಕಣ್ಣಾರೆ ನೋಡಿದ್ರಾ?"

"ಬಿಂದಿಗೆ ಹಿಡ್ಕೊಂಡೇ ನೋಡಿದ್ದು."

"ಹಾಗಾದ್ರೆ ಆ ದಿನದ ನೀರು ಎಲ್ಲಿಂದ ಬಂತು?"

"ಗೋಡೆ ಹಿಂದೆ ಟ್ಯಾಂಕರ್ ನಿಲ್ಸಿದ್ರು."

ಅಷ್ಟರಲ್ಲಿ ಬೀದಿಯೇ ಸೇರಿತ್ತು. ವಕೀಲ ನ್ಯಾಯಾಧೀಶರತ್ತ ತಿರುಗುವಂತೆ ಜನರತ್ತ ತಿರುಗಿದ.

"ಕೇಳಿಸ್ಕೊಂಡ್ರಲ್ಲ? ಪೈಪೇ ಇಲ್ಲದೆ ನಲ್ಲಿ ನೆಟ್ಟಿದ್ದಾರೆ. ಇದು ಅಸಡ್ಡೆ ಅಲ್ಲ ಸ್ವಾಮಿ, ಶುದ್ಧ ಮೋಸ. ಮಾಡಿದವರು ಎಷ್ಟೇ ದೊಡ್ಡವರಾಗಿರ್ಲಿ, ಬಿಡಬಾರ್ದು."

ಚಪ್ಪಾಳೆ ಬಿತ್ತು. ಹಿಂದಿನಿಂದ ಯಾರೋ ಶಿಳ್ಳೆಯನ್ನೂ ಹಾಕಿದರು. ತಾಯಿ ಅಂಗಿ ಜಗ್ಗುವುದನ್ನು ಬಿಟ್ಟು, ಕಾರು ಎಷ್ಟು ದೂರದಲ್ಲಿದೆ ಎಂದು ನೋಡತೊಡಗಿದರು.

"ಕೊನೇ ಪ್ರಶ್ನೆ. ಈ ನಲ್ಲಿ ಉದ್ಘಾಟನೆ ಮಾಡಿದ ಮಹಾನುಭಾವ ಯಾರು? ಹೆದರಬೇಡಿ, ನಾನಿದ್ದೀನಿ."

ಹೆಂಗಸು ತಾಯಿಯ ಮುಖ ನೋಡಿದಳು. ಬಿಂದಿಗೆಯನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿದಳು.

"ನಿಮ್ಮ ತಂದೆಯವ್ರೇ. ಮೊದಲ್ನೇ ಬಿಂದಿಗೆ ಅಮ್ಮಾವ್ರೇ ತುಂಬಿಸ್ಕೊಟ್ರು."

ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಸಾಕ್ಷಿಗೆ ಕೇಳಬೇಡ ಎಂದು ಅವನ ಹಿರಿಯ ವಕೀಲರು ಹೇಳಿಕೊಟ್ಟಿದ್ದರು. ತಾಯಿ ಹೇಳಿದ್ದೂ ಹೆಚ್ಚುಕಮ್ಮಿ ಅದನ್ನೇ. ಅವನು ಗಂಟಲು ಸರಿಮಾಡಿಕೊಂಡ. ಕೈ ಮುಗಿದ.

"ಆಗ್ಲಿ ತಾಯಿ, ನೋಡೋಣ."

ಕಾರಿನ ಕಡೆ ಹೊರಟಿದ್ದ ತಾಯಿ ಗಕ್ಕನೆ ನಿಂತರು. ದನಿ, ಎಳೆತ, ತಲೆ ಓರೆ ಮಾಡಿದ ರೀತಿ, ಎಲ್ಲವೂ ತೀರಿಹೋದವರದ್ದೇ.

"ವೋಟು ಮಾತ್ರ ನಮಗೇ ಹಾಕ್ಬೇಕು," ಎಂದ ಮಗ, ಮೆಲ್ಲಗೆ.

"ಇಲ್ಲಪ್ಪ," ಎಂದಳು ಹೆಂಗಸು, ಸಂಕಟದಿಂದಲೇ. "ಗೆದ್ರೆ ನೀವೂ ಹೀಗೇ ಅಂತೀರಿ. ಸೋತ್ರೆ ನಮ್ಮ ಕೇಸು ನಡೆಸ್ತೀರಿ."