ದೇವರ ಗೋಡೆಗೆ ಒಲಿದ ಬೈಕು

ಗೋಡೆಗೆ ಒತ್ತಿ ನಿಲ್ಲಿಸಿದಾಗ ಬೈಕು ಚಾಲೂ ಆಯಿತು. ಮಾರುತೇಶ್ ಅದನ್ನು ಬಂದ್ ಮಾಡಿ, ಗೇಟಿನವರೆಗೆ ತಳ್ಳಿಕೊಂಡು ಹೋಗಿ ಮತ್ತೆ ಗುಂಡಿ ಒತ್ತಿದ. ಉಸಿರೇ ಇಲ್ಲ. ತಿರುಗಿ ತಂದು ಗೋಡೆಗೆ ಒತ್ತಿ ನಿಲ್ಲಿಸಿದ. ಚಾಲೂ ಆಯಿತು. ಇದೆಂಥ ಚೋದ್ಯವಪ್ಪಾ ಎಂದು ತಲೆ ಕೆರೆದುಕೊಂಡ.

ಆ ಬೈಕಿಗೆ ತೂರಿಸಿ ತಿರುಗಿಸುವ ಕೀಲಿಯಿಲ್ಲ. ಹೆಬ್ಬೆರಳಿನಷ್ಟು ದಪ್ಪದ ಒಂದು ರಿಮೋಟ್ ಕೀಲಿ ಮಾರು ದೂರದೊಳಗೆ ಎಲ್ಲಾದರೂ ಇದ್ದರೆ ಸಾಕು, ಗುಂಡಿ ಒತ್ತಿದರೆ ಹೊರಡುತ್ತದೆ. ಕೊಂಡದ್ದು ಸೆಕೆಂಡ್ ಹ್ಯಾಂಡ್, ಜೊತೆಗೆ ಬಂದದ್ದು ಒಂದೇ ಕೀಲಿ. ನಿನ್ನೆ ಗಾಡಿ ತೊಳೆಯುವಾಗ ಅದು ಬಕೆಟ್ಟಿಗೆ ಬಿದ್ದಿತ್ತು. ಒಣಗಲೆಂದು ಅಕ್ಕಿ ಡಬ್ಬಿಯಲ್ಲಿ ಹುಗಿದಿಟ್ಟಿದ್ದ. ಇವತ್ತು ಎದ್ದು ಡಬ್ಬಿಯನ್ನೇ ಬೋರಲು ಹಾಕಿದರೂ ಅಕ್ಕಿ ಬಿಟ್ಟರೆ ಏನೂ ಇರಲಿಲ್ಲ.

ಹಾಳಾದ್ದು, ಕಳೆಯುವುದಕ್ಕೆ ಅದಕ್ಕೆ ಇವತ್ತೇ ಆಗಬೇಕಿತ್ತೇ? ನಾಳೆ ಅಮಾವಾಸ್ಯೆ, ನಾಡಿದ್ದಿನಿಂದ ಆಷಾಢ. ಆಷಾಢ ಹಿಡಿದರೆ ಹೊಸ ಸೊಸೆಯನ್ನು ಒಂದು ತಿಂಗಳು ತವರಿನಿಂದ ಕರೆತರುವಂತಿಲ್ಲ. ಸಾರಿಗೆ ಹುಣಸೆಹಣ್ಣು ಹೆಚ್ಚಾಯಿತು ಎಂಬಲ್ಲಿಂದ ಎದ್ದ ಮಾತಿಗೆ ಸಿಟ್ಟಾಗಿ ಹೆಂಡತಿ ಗಂಗೋತ್ರಿ ಮೆಟ್ರಿಯ ತವರಿಗೆ ಹೋಗಿ ಕುಳಿತಿದ್ದಳು. ಅವಳನ್ನು ಕರೆತಂದು, ಮಧ್ಯಾಹ್ನದ ಪಾಳಿಗೆ ಫ್ಯಾಕ್ಟರಿಗೂ ಹೋಗಬೇಕು. ಗಾದಿಗನೂರಿನಿಂದ ಬಸ್ಸು ಬದಲಿಸುತ್ತ ಹೋಗಿ ಬಂದರೆ ಆಗುವ ಕೆಲಸವಲ್ಲ. ಇದು ಸಾಲದೆಂಬಂತೆ, "ಅತ್ತಿ ಬಂದು ಕರದ್ರ ಬರ್ತೀನಿ" ಎಂದು ಗಂಗೋತ್ರಿ ಫೋನಿನಲ್ಲಿ ಖಡಾಖಂಡಿತ ಹೇಳಿದ್ದಳು. "ಬೇಕಾದ್ರ ಹುಲಿಗೆಮ್ಮಗ ಮುಡಿಪು ಕಟ್ತೀನಿ, ಆಕಿ ಮನಿ ಹೊಸ್ತಿಲಕ್ಕ ಮಾತ್ರ ಹೋಗಂಗಿಲ್ಲ" ಎಂದು ತಾಯಿ ಚೆನ್ನಬಸಮ್ಮ ಪಟ್ಟು ಹಿಡಿದಿದ್ದಳು. ನಡುವೆ ಮಾರುತೇಶ್ ಅಡಕತ್ತರಿಗೆ ಸಿಕ್ಕ ಅಡಿಕೆಯಾಗಿದ್ದ.

"ಯವ್ವಾ, ಈ ಗ್ವಾಡಿ ಆಕಡಿ ಏನೈತಿ?"

"ದೇವರ ಜಗಲಿ. ಹುಟ್ಟಿದಾಗಿಂದ ನೋಡಿಲ್ಲೇನು?"

ಅವನು ಒಳಗೆ ಓಡಿದ. ಜಗಲಿಯ ಮೇಲೆ, ಹುಲಿಗೆಮ್ಮನ ಫೋಟೋದ ಮುಂದೆ, ಹಳದಿ ಬಟ್ಟೆಯ ಹೊಸ ಗಂಟೊಂದು ಕೂತಿತ್ತು.

"ಇದನ್ನ ಯಾವಾಗ ಕಟ್ಟಿದಿ?"

"ನೀ ಏಳಾಕ ಮುಂಚೆ. ಆಕಿ ಮನಿಗೆ ಬರ್ಲಿ ಅಂತ, ಡಬ್ಬ್ಯಾಗಿನ ಅಕ್ಕಿ ಹಾಕಿ."

ಮುಡಿಪಿನ ಅಕ್ಕಿಯನ್ನು ಕಣ್ಣು ಮುಚ್ಚಿ ತೆಗೆಯಬೇಕು, ಅದು ಅವರ ಮನೆತನದ ಪದ್ಧತಿ. ಮಗ ಗಂಟನ್ನೇ ದಿಟ್ಟಿಸುತ್ತಿರುವುದನ್ನು ಕಂಡು ಚೆನ್ನಬಸಮ್ಮನ ಮುಖ ಸಣ್ಣಗಾಯಿತು. "ಕೈಗೆ ಏನೋ ಗಟ್ಟಿ ಹತ್ತಿತ್ತು ನೋಡು. ಹುಳ ಬೀಳಬಾರದಂತ ಹಾಕಿದ್ದ ಅರಿಶಿಣ ಕೊಂಬು ಅಂದ್ಕಂಡೆ. ಚಲೋನೇ ಆತು ಅಂತ ಹಂಗೇ ಕಟ್ಟಿಬಿಟ್ಟೆ."

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕುವುದೆಂದರೆ ಇದೇ. ಮಾರುತೇಶ್‌ಗೆ ಹೋದ ಜೀವ ಬಂದಂತಾಯಿತು. ಗಂಟಿಗೆ ಕೈಹಾಕಿದ. ತಾಯಿ ಆ ಕೈಯನ್ನು ಗಟ್ಟಿಯಾಗಿ ಹಿಡಿದಳು.

"ಬ್ಯಾಡ. ಬೇಡ್ಕಂಡಿದ್ದು ಆಗೋತನಕ ಬಿಚ್ಚಂಗಿಲ್ಲ. ಕಟ್ಟಿದಾಕಿ ಬಿಟ್ಟು ಬ್ಯಾರೆಯವರು ಮುಟ್ಟಂಗೂ ಇಲ್ಲ."

"ಬಿಚ್ಚದಿದ್ರ ಗಾಡಿ ಇಲ್ಲ. ಗಾಡಿ ಇಲ್ದಿದ್ರ ಆಕಿ ಇಲ್ಲ. ಆಕಿ ಬರದಿದ್ರ ಇದನ್ನ ಬಿಚ್ಚೋದ್ಯಾವಾಗ?"

"ಗ್ವಾಡಿ ಹತ್ರ ಚಾಲೂ ಮಾಡ್ಕಂಡು ಹಂಗ ಹೋಗಿಬಿಡು."

"ಹೋಗಬಹುದು. ಅಲ್ಲಿ ಬಂದ್ ಮಾಡಿದ್ರ ಮುಗೀತು, ಮತ್ತ ಚಾಲೂ ಆಗಂಗಿಲ್ಲ. ನಾನೂ ಮಾವನ ಮನ್ಯಾಗ ಆಷಾಢ ಕಳೀಬೇಕು."

ಚೆನ್ನಬಸಮ್ಮ ಗಂಟನ್ನು ನೋಡಿದಳು. ದೇವಿಯ ಫೋಟೋ ನೋಡಿದಳು. ಅವಳ ಮನಸ್ಸಿನಲ್ಲಿ ಏನು ನಡೆದಿದೆಯೋ ಮಾರುತೇಶ್‌ಗೆ ತಿಳಿಯಲಿಲ್ಲ.

"ಆ ಕೀಲಿ ಕಣ್ಣಿಗೆ ಕಾಣಬೇಕಂತಿಲ್ಲ, ಹತ್ರ ಇದ್ರ ಸಾಕು ಅಂದಿದ್ದೆಲ್ಲ?"

"ಹೂಂ."

ಅವಳು ಒಳ್ಳೆಯ ಸೀರೆ ಉಡಲು ಒಳಗೆ ಹೋದಳು.

ಮೆಟ್ರಿಯಲ್ಲಿ ಬೈಕಿನ ಸದ್ದಿಗೆ ಹೊರಬಂದ ಗಂಗೋತ್ರಿ, ಗಂಡನ ಹಿಂದೆ ಹಳದಿ ಗಂಟನ್ನು ಮಡಿಲಲ್ಲಿ ಅವುಚಿ ಕೂತಿದ್ದ ಅತ್ತೆಯನ್ನು ಕಂಡು ಹೊಸ್ತಿಲಲ್ಲೇ ನಿಂತುಬಿಟ್ಟಳು.

"ಅತ್ತಿ, ನೀವು ಬಂದ್ರಾ?"

"ನಾ ಎಲ್ಲಿ ಬಂದೀನಿ? ಕೀಲಿ ಬಂತು, ಅದರ ಜೋಡಿ ಬಂದೆ."

ಗಂಗೋತ್ರಿಗೆ ತಲೆಬುಡ ತಿಳಿಯಲಿಲ್ಲ. ಮಾರುತೇಶ್ ಎಲ್ಲವನ್ನೂ ಬಿಡಿಸಿ ಹೇಳಿದ. ಅವಳಿಗೆ ನಗು ಬಂದರೂ ನಗಲಿಲ್ಲ. "ಹಂಗಂದ್ರ ನನ್ನ ಕರಿಯಾಕ ಬಂದ್ರೋ, ಗಂಟು ಕಾಯಾಕ ಬಂದ್ರೋ?" ಎಂದು ಕೇಳಿದಳು.

ಚೆನ್ನಬಸಮ್ಮ ನಿಧಾನವಾಗಿ ಬೈಕಿನಿಂದ ಇಳಿದಳು. ಹೋಗುವುದಿಲ್ಲವೆಂದಿದ್ದ ಹೊಸ್ತಿಲವರೆಗೂ ಹೋಗಿ, ಸೊಸೆಯ ಸೆರಗಿನ ಚುಂಗು ತಾನೇ ಹಿಡಿದು ಉಡಿ ಮಾಡಿ, ಮುಡಿಪನ್ನು ಅದರೊಳಗೆ ಇಟ್ಟಳು.

"ನೀ ಬ್ಯಾರೆಯಾಕಿ ಅಲ್ಲ, ಇದನ್ನ ಹಿಡ್ಕಂಡು ಅವನ ಹಿಂದ ಕುಂದ್ರು. ನೀ ಕುಂತ್ರನ ಗಾಡಿ ಮನಿಗೆ ಬರ್ತೈತಿ. ನಾ ಬಸ್ಸಿಗೆ ಬರ್ತೀನಿ."